ಹೊಟ್ಟೆ ಚಿಕ್ಕದಾಯ್ತು, ಊರಿನ ತಟ್ಟೆ ಚಿಕ್ಕದಾಗಲಿಲ್ಲ!

ಮುದ್ದೆಯನ್ನು ಅಗಿದು ತಿನ್ನುವವನನ್ನು ಕಂಡರೆ ಕೋಲಾರ ಸೀಮೆಯಲ್ಲಿ ಇವನ್ಯಾರೋ ಹೊರಗಿನವನು ಅಂತಾರೆ. ಮುರಿಯೋದು, ಸಾರಿಗೆ ಅದ್ದೋದು, ನುಂಗೋದು. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಇಂಥ ಊರಿಗೆ, ಬೊಜ್ಜು ಇಳಿಸುವ ಆಪರೇಷನ್ ಮಾಡಿಸಿಕೊಂಡು ಬೆಂಗಳೂರು ಬಸ್ಸಿನಿಂದ ಇಳಿಯುವವನಿಗೆ ಡಾಕ್ಟರು ಹೇಳಿ ಕಳಿಸುವ ಮೊದಲ ಕಾನೂನು ಏನು ಗೊತ್ತೇ? ಪ್ರತಿ ತುತ್ತನ್ನೂ ಇಪ್ಪತ್ತು-ಮೂವತ್ತು ಸಲ ಅಗಿಯಬೇಕು!

ತಮಾಷೆ ಅಲ್ಲ ಸ್ವಾಮಿ. ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಅದರ ನಂತರದ ಬದುಕು ಊಟದ ಎಲೆಯ ಮುಂದೆ ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿ ಗೆದ್ದವನಿಗಷ್ಟೇ ಗೆಲುವು.

ಏನಿದು ಆಪರೇಷನ್?

ಡಾಕ್ಟರುಗಳು ಬೇರಿಯಾಟ್ರಿಕ್ ಸರ್ಜರಿ ಅನ್ನುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಶುರು ಮಾಡಿದ ಬೈಪಾಸ್ ಒಂದು ಬಗೆ. ಈಗಿನ ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆಗಿಂತ ಚಿಕ್ಕ ಚೀಲ ಮಾಡಿ, ಸಣ್ಣ ಕರುಳನ್ನು ಅದಕ್ಕೇ ಜೋಡಿಸುತ್ತಾರೆ. ಇನ್ನೊಂದು ಸ್ಲೀವ್. ಜಠರದ ನಾಲ್ಕರಲ್ಲಿ ಮೂರು ಪಾಲನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಲೀಟರು ಹಿಡಿಯುತ್ತಿದ್ದ ಹೊಟ್ಟೆ ಹೋಟೆಲಿನ ಒಂದು ಟೀ ಲೋಟದಷ್ಟಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದೂ ಆ ಕತ್ತರಿಸಿದ ಭಾಗದಲ್ಲೇ. ಅದಕ್ಕೇ ಮೊದಮೊದಲು ಹಸಿವೇ ಕಾಣುವುದಿಲ್ಲ.

ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡ ಮೇಲೆ ಈ ಹೆಸರು ಪೇಪರುಗಳಲ್ಲಿ ಓಡಾಡಿತು. ಜೇಟ್ಲಿಯವರಿಗಿದ್ದದ್ದು ಸಕ್ಕರೆ ಕಾಯಿಲೆಯ ಕಾಟ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸಿಕೊಳ್ಳಲು ಹೋಗಿ 21ನೇ ವಯಸ್ಸಿಗೇ ತೀರಿಕೊಂಡರಲ್ಲ, ಅದು ಬೇರೆ. ಅದು ಅಂದಕ್ಕಾಗಿ ಚರ್ಮದಡಿಯ ಕೊಬ್ಬು ತೆಗೆಯುವ ಕೆಲಸ. ಇದು ಕಾಯಿಲೆಗೆ ಮಾಡುವ ಚಿಕಿತ್ಸೆ. ಆದರೆ ಅಪಾಯವಿಲ್ಲದ ಆಪರೇಷನ್ ಯಾವುದೂ ಇಲ್ಲ ಅನ್ನೋ ಪಾಠ ಎರಡಕ್ಕೂ ಒಂದೇ.

ಮೊದಲ ಎರಡು ತಿಂಗಳು

ಮನೆಗೆ ಬಂದ ಎರಡು ವಾರ ಬರೀ ನೀರಿನಂಥ ಆಹಾರ. ತಿಳಿ ಸಾರು, ಮಜ್ಜಿಗೆ, ಬೇಳೆ ಕಟ್ಟು, ಹಾಲು. ಅದೂ ಗಟಗಟ ಅಲ್ಲ, ಗುಟುಕು ಗುಟುಕಾಗಿ. ಆಮೇಲೆ ಅರೆದದ್ದು, ನಂತರ ಮೆತ್ತಗೆ ಬೆಂದದ್ದು. ಗಟ್ಟಿ ಊಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಮೂಟೆ ಎತ್ತುವ ಮಂಡಿ ವ್ಯಾಪಾರಿಗಳು ಗಮನಿಸಿ: ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ಟೊಮ್ಯಾಟೊ ಕ್ರೇಟನ್ನೂ ಮುಟ್ಟುವಂತಿಲ್ಲ. ಆದರೆ ಹಾಸಿಗೆ ಹಿಡಿಯುವಂತೆಯೂ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಮೊದಲ ದಿನದಿಂದಲೇ ಓಡಾಡಬೇಕು.

ಈ ಅವಧಿಯಲ್ಲಿ ಜ್ವರ, ಬಿಡದ ಹೊಟ್ಟೆನೋವು, ಸುಮ್ಮನೆ ಕೂತಾಗಲೂ ಡವಡವ ಎದೆಬಡಿತ, ಭುಜದಲ್ಲಿ ನೋವು, ಉಸಿರಿಗೆ ಕಷ್ಟ ಬಂದರೆ ‘ಗ್ಯಾಸು’ ಅಂತ ಸೋಡಾ ಕುಡಿದು ಮಲಗಬೇಡಿ. ಹೊಲಿಗೆ ಸೋರುತ್ತಿರಬಹುದು. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನು ಮಾಡಿ. ದೂರವಾದರೆ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯೋ, ಹತ್ತಿರದ್ದಕ್ಕೆ ಓಡಿ. ಡಿಸ್ಚಾರ್ಜ್ ಚೀಟಿ ಸದಾ ಜೇಬಿನಲ್ಲಿರಲಿ. ಒಳಗೆ ಏನು ಜೋಡಿಸಿದ್ದಾರೆ ಅನ್ನೋದು ರಾತ್ರಿ ಪಾಳಿಯ ಡಾಕ್ಟರಿಗೆ ಆಗ ತಕ್ಷಣ ಗೊತ್ತಾಗುತ್ತದೆ.

ಕಾಳು ಮೊದಲು, ಮುದ್ದೆ ಆಮೇಲೆ

ಜಾಗ ಒಂದು ಲೋಟದಷ್ಟೇ ಅಂದಮೇಲೆ ಅದಕ್ಕೆ ಏನು ತುಂಬಬೇಕು? ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸಿಗೋದು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಅಷ್ಟೇ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 7. ರಾಗಿಯಲ್ಲಿ ಸುಣ್ಣದಂಶ ಧಂಡಿಯಾಗಿದೆ, ನಿಜ. ಆದರೆ ಮುದ್ದೆಯಿಂದಲೇ ಹೊಟ್ಟೆ ತುಂಬಿದರೆ ಕಾಳಿಗೆ, ಮೊಟ್ಟೆಗೆ, ಕೋಳಿಗೆ ಜಾಗ ಎಲ್ಲಿ?

ಆದ್ದರಿಂದ ನಮ್ಮೂರ ಊಟವನ್ನು ತಿರುವುಮುರುವು ಮಾಡಬೇಕು. ಬಸ್ಸಾರಿನ ಕಾಳು ಮೊದಲು. ಅವರೆಕಾಯಿ ಕಾಲದಲ್ಲಿ ಸಿಪ್ಪೆ ತೆಗೆದ ಹಿತಕಿದವರೆ. ರಾಗಿ ಬೇಕೆಂದರೆ ತೆಳ್ಳನೆ ಅಂಬಲಿ. ಮುದ್ದೆಗೆ ಡಾಕ್ಟರು ಒಪ್ಪಿದ ಮೇಲೂ ನೆಲ್ಲಿಕಾಯಿ ಗಾತ್ರ, ಅದೂ ಅಗಿದು. ನುಂಗಿದರೆ ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯೇ ಗತಿ. ಊಟದ ನಡುವೆ ನೀರು ಕುಡಿಯಕೂಡದು. ಊಟವಾಗಿ ಅರ್ಧ ಗಂಟೆ ಬಿಡಬೇಕು.

ಶ್ರೀನಿವಾಸಪುರದ ಮಾವಿನ ರಸ, ಮದುವೆ ಮನೆಯ ಹೋಳಿಗೆ? ಬೈಪಾಸ್ ಆದವರಿಗೆ ವಿಶೇಷವಾಗಿ ಸಿಹಿ ಸರ್ರನೆ ಕರುಳಿಗೆ ಇಳಿದು ಬೆವರು, ತಲೆಸುತ್ತು, ಭೇದಿ ಹಿಡಿಸುತ್ತದೆ. ಬಸ್ಸಿನಲ್ಲಿ ಮಾಲೂರಿಗೋ ಬೆಂಗಳೂರಿಗೋ ದಿನಾ ಓಡಾಡುವವರು ಹತ್ತುವ ಮುಂಚೆ ಇಂಥದ್ದು ತಿನ್ನದಿರುವುದೇ ಕ್ಷೇಮ. ಕೈಯಲ್ಲಿ ನೀರಿನ ಬಾಟಲಿ ಇರಲಿ, ದಾರಿಯುದ್ದಕ್ಕೂ ಗುಟುಕರಿಸಿ.

ಊರ ಬಾಯಿ

ಆರೇ ತಿಂಗಳಲ್ಲಿ ಅಂಗಿ ಜೋಲುತ್ತದೆ. ಮೂರು ತಿಂಗಳಿಂದ ಆರು ತಿಂಗಳ ನಡುವೆ ತಲೆಕೂದಲು ಉದುರುತ್ತದೆ. ಆಹಾರ ಸರಿಯಿದ್ದರೆ ಮತ್ತೆ ಬರುತ್ತದೆ. ಕುತ್ತಿಗೆ, ತೋಳಿನ ಚರ್ಮ ಇಳಿಬೀಳುತ್ತದೆ. ಗಲ್ಲಾಪೆಟ್ಟಿಗೆ ಮುಂದೆ ಕೂತವನನ್ನು ಕಂಡು ಗಿರಾಕಿಗಳು ಕೇಳದೆ ಬಿಟ್ಟಾರೆಯೇ? ‘ಯಾಕಪ್ಪಾ ಇಂಗಾಗ್ಬಿಟ್ಟೆ, ಏನು ಕಾಯ್ಲೆ?’ ಆಪರೇಷನ್ ಅಂದರೆ, ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕುಯ್ಸಿಕೊಂಡ’ ಅನ್ನೋ ಮಾತು. ಬಾಯಿ ಕಟ್ಟಿ ಕಟ್ಟಿ ಸೋತವರೇ ಕೊನೆಗೆ ಇಲ್ಲಿಗೆ ಬರುವುದು ಅನ್ನೋದು ಯಾರಿಗೂ ಬೇಡ.

ಬೀಗರೂಟದಲ್ಲಂತೂ ಅತ್ತೆ, ಚಿಕ್ಕಮ್ಮ ಎಲ್ಲರೂ ಪಾತ್ರೆ ಹಿಡಿದು ನಿಲ್ಲುತ್ತಾರೆ. ‘ಇನ್ನೊಂದು ತುತ್ತು ತಿಂದ್ರೆ ಸಾಯ್ತೀಯೇನೋ?’ ಸಾಯುವುದಿಲ್ಲ ತಾಯಂದಿರೇ, ಆದರೆ ಎಲ್ಲರೆದುರು ವಾಂತಿ ಮಾಡಿಕೊಳ್ಳುತ್ತಾನೆ. ನಮ್ಮಲ್ಲಿ ಪ್ರೀತಿಯನ್ನು ಅಳೆಯೋದೇ ತಟ್ಟೆಯಲ್ಲಿ. ಬಡಿಸಿದ್ದನ್ನು ಬೇಡ ಅಂದರೆ ಬಡಿಸಿದವರನ್ನೇ ಬೇಡ ಅಂದಹಾಗೆ. ಈ ಒಂದು ಮಾತನ್ನು ಮನೆಯವರಿಗೆ ತಿಳಿಸಿ ಹೇಳೋದು ಪೇಷಂಟಿಗೆ ಹೊಲಿಗೆ ನೋವಿಗಿಂತ ಕಷ್ಟ. ಹೆಂಡತಿ, ಅಮ್ಮ, ಅಣ್ಣತಮ್ಮಂದಿರು ಆಪರೇಷನ್ನಿಗೆ ಮುಂಚೆಯೇ ಡಾಕ್ಟರ ಮುಂದೆ ಕೂತು ಕೇಳಿಸಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಎರಡನೇ ವರ್ಷದ ಗಂಡಾಂತರ

ಒಂದೂವರೆ ವರ್ಷದ ಹೊತ್ತಿಗೆ ತೂಕ ಇಳಿಯೋದು ನಿಲ್ಲುತ್ತದೆ. ಹಸಿವು ಮೆಲ್ಲಗೆ ವಾಪಸ್ಸು ಬರುತ್ತದೆ. ‘ನಾನು ಚೆನ್ನಾಗಿದ್ದೀನಲ್ಲ’ ಅಂತ ಮಾತ್ರೆ ನಿಲ್ಲಿಸುವುದು, ಎಪ್ಪತ್ತು ಕಿಲೋಮೀಟರು ಯಾರು ಹೋಗ್ತಾರೆ ಅಂತ ತಪಾಸಣೆ ಬಿಡುವುದು, ಎಲ್ಲಾ ಆಗಲೇ. ಚಿಕ್ಕ ಹೊಟ್ಟೆಯಲ್ಲಿ ಬಿ-12, ಕಬ್ಬಿಣ, ಸುಣ್ಣ, ಡಿ ವಿಟಮಿನ್ನು ಸಾಕಷ್ಟು ಮೈಗೆ ಹತ್ತುವುದಿಲ್ಲ. ಮಾತ್ರೆಗಳು ಜೀವನಪೂರ್ತಿ ಬೇಕು. ಬಿ-12 ಕಡಿಮೆಯಾದರೆ ಪಾದ ಜುಮುಗುಟ್ಟುತ್ತದೆ, ಮರೆವು ಬರುತ್ತದೆ. ಬಹಳ ದಿನ ಬಿಟ್ಟರೆ ನರಗಳು ಮತ್ತೆ ಸರಿಹೋಗದಂತೆ ಕೆಡಬಹುದು. ರಕ್ತ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲೇಬೇಕು.

ಅಂಗಡಿಯವರಿಗೆ ಇನ್ನೊಂದು ಮಾತು. ಗಂಟೆಗೊಂದು ಸಕ್ಕರೆ ಟೀ, ನಡುನಡುವೆ ಖಾರಾಬೂಂದಿ, ಬಿಸ್ಕತ್ತು. ಇವು ಚಿಕ್ಕ ಹೊಟ್ಟೆಗೂ ಸಲೀಸಾಗಿ ಇಳಿಯುತ್ತವೆ. ಹೋದ ತೂಕ ವಾಪಸ್ಸು ಬರುವುದು ಈ ದಾರಿಯಲ್ಲೇ. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ಕೇಳಿ ತರುವ ನೋವಿನ ಮಾತ್ರೆ, ಬೀಡಿ, ಸಿಗರೇಟು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಬೈಪಾಸ್ ಆದವನಿಗೆ ಒಂದು ಪೆಗ್ಗು ಮುಂಚಿನ ಎರಡರಷ್ಟು ಏರುತ್ತದೆ. ಸಕ್ಕರೆ ಕಾಯಿಲೆ ಮಾತ್ರೆಯನ್ನು ಹಳೆಯ ಲೆಕ್ಕದಲ್ಲೇ ನುಂಗಿದರೆ ಸಕ್ಕರೆ ಪಾತಾಳಕ್ಕಿಳಿಯಬಹುದು, ಡಾಕ್ಟರು ಲೆಕ್ಕ ಬದಲಿಸಿಕೊಡಬೇಕು. ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಬಸುರಿಯಾಗದಿರುವುದು ಒಳ್ಳೆಯದು.

ಇಷ್ಟೆಲ್ಲಾ ಪಾಲಿಸಿದವನಿಗೆ ಫಲ ಉಂಟು. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟುವುದಿಲ್ಲ, ಎಷ್ಟೋ ಜನರ ಸಕ್ಕರೆ, ಬಿ.ಪಿ. ಹತೋಟಿಗೆ ಬರುತ್ತದೆ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಮೂವರೇ ಕೂರಬಹುದು!

ಡಾಕ್ಟರು ಚಿಕ್ಕದು ಮಾಡಿದ್ದು ಹೊಟ್ಟೆಯನ್ನು ಮಾತ್ರ. ತಟ್ಟೆ ಚಿಕ್ಕದು ಮಾಡುವ ಕೆಲಸ ಮನೆಯವರದು. ಬಾಯಿ ಚಿಕ್ಕದು ಮಾಡುವ ಕೆಲಸ ಊರಿನವರದು.