ಸಂತೆಯ ಹ್ಯಾಟೆ ಯಾವ ತಳಿಯದು?

ಐಹೊಳೆಯ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಕಣದಲ್ಲಿ ಉಳಿಯುವ ಕಾಳು, ಹಿತ್ತಲಿನ ಹುಳುಹುಪ್ಪಟೆ, ಅಡಿಗೆಮನೆಯ ನುಚ್ಚು, ಇಷ್ಟರಲ್ಲಿಯೇ ಒಂದು ಮನೆಯ ಎಂಟು-ಹತ್ತು ಕೋಳಿಗಳು ಬದುಕುತ್ತವೆ. ಮೊಟ್ಟೆ ಮಾರಿ ಬಂದ ಹಣ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಕೈಯಲ್ಲಿಯೇ ಉಳಿದು ಎಣ್ಣೆ-ಸಕ್ಕರೆಗೆ, ಮಕ್ಕಳ ಪಾಟಿ-ಪುಸ್ತಕಕ್ಕೆ ಒದಗುತ್ತದೆ. ಆದುದರಿಂದ ಹ್ಯಾಟೆ ಕೊಳ್ಳುವಾಗ ಆಗುವ ಮೋಸವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಈ ಲೇಖಕ ಬೇಸಾಯಶಾಸ್ತ್ರದವನು, ಕೋಳಿಯ ವೈದ್ಯನಲ್ಲ. ಆದರೆ ಜೋಳದ ತಾಕು ನೋಡಲು ಹೋದ ಊರುಗಳಲ್ಲೆಲ್ಲ ತಾಕಿನ ಪ್ರಶ್ನೆ ಮುಗಿದ ಮೇಲೆ ಬುಟ್ಟಿ ಎತ್ತಿ, "ಇದು ಯಾವ ಜಾತೀದು ಹೇಳ್ರಿ ಸಾಹೇಬ್ರ" ಎಂದು ಕೇಳುವವರು ಇದ್ದೇ ಇರುತ್ತಾರೆ. ಬೀಜದ ಚೀಲಕ್ಕೆ ಚೀಟಿ ಇರುತ್ತದೆ, ಕೋಳಿಯ ಕಾಲಿಗೆ ಚೀಟಿ ಇಲ್ಲ. ಬೀಜೋತ್ಪಾದನೆಯ ಹೊಲದಲ್ಲಿ ಬೆರಕೆ ಗಿಡ ಕೀಳುವಾಗ ನಾವು ತೆನೆ, ಎಲೆ, ಎತ್ತರ, ಹೂ ಬಿಡುವ ದಿನ ಇವೆಲ್ಲವನ್ನೂ ಒಟ್ಟಿಗೆ ನೋಡುತ್ತೇವೆ. ಕೋಳಿಯಲ್ಲಿಯೂ ಅದೇ ಕ್ರಮ. ಗರಿಯ ಬಣ್ಣವೊಂದನ್ನೇ ನಂಬಿದವರು ಕೆಡುತ್ತಾರೆ.

ಬಣ್ಣ ಯಾಕೆ ಸಾಲದು?

ಮಾರುವವನು ಬಣ್ಣಬಣ್ಣದ ಗರಿಯ ಮರಿಯನ್ನು ಎತ್ತಿ ಹಿಡಿದು, "ಅಕ್ಕಾರ, ಪಕ್ಕಾ ಗಿರಿರಾಜ ನೋಡ್ರಿ" ಎನ್ನುತ್ತಾನೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರೂಪಿಸಿ 1980ರ ದಶಕದ ಕೊನೆಗೆ ರೈತರಿಗೆ ಕೊಟ್ಟ ಸಂಕರ ತಳಿ. ಹೈದರಾಬಾದಿನಿಂದ ಬಂದ ವನರಾಜ ಇನ್ನೊಂದು. ಇವೆರಡೂ ಬೇಕೆಂದೇ ಬಣ್ಣದ ಗರಿ ಇರುವಂತೆ ರೂಪಿಸಿದವು. ಹಳ್ಳಿಯ ಹಿತ್ತಲಿನಲ್ಲಿ ಹದ್ದು-ಕಾಗೆಗಳ ಕಣ್ಣಿಗೆ ಬಿಳಿ ಕೋಳಿಯಷ್ಟು ಬೇಗ ಬೀಳಬಾರದು, ಜನರಿಗೂ ಜವಾರಿ ಕೋಳಿಯಂತೆ ಕಾಣಬೇಕು ಎಂಬುದು ಉದ್ದೇಶ. ನಮ್ಮ ಜವಾರಿ ಕೋಳಿಯ ಗರಿಯೂ ಬಗೆಬಗೆಯದು. ಹೀಗಾಗಿ ಗರಿ ನೋಡಿ ಗಿರಿರಾಜ, ವನರಾಜ, ಜವಾರಿ ಎಂದು ಬೇರ್ಪಡಿಸಲು ಬರುವುದಿಲ್ಲ. ಕೈಯಲ್ಲಿ ಎತ್ತಿ ನೋಡಬೇಕು. ಜವಾರಿ ಹೇಂಟೆ ಪೂರ್ಣ ಬೆಳೆದರೂ ಸಾಮಾನ್ಯವಾಗಿ ಒಂದೂಕಾಲು-ಒಂದೂವರೆ ಕಿಲೋ. ಗಿರಿರಾಜದ ಹ್ಯಾಟೆ ಮೊಟ್ಟೆಗೆ ಬರುವ ಮೊದಲೇ ಅದನ್ನು ದಾಟಿರುತ್ತದೆ. ಕಾಲು ದಪ್ಪ, ಎದೆ ಅಗಲ. ನಾಲ್ಕು ತಿಂಗಳಿನದೆಂದು ಹೇಳಿದ ಕೋಳಿ ಅಂಗೈಯಲ್ಲಿ ಹಗುರಾಗಿ ಕುಳಿತರೆ ಅದು ಗಿರಿರಾಜವಲ್ಲ, ಇಲ್ಲವೆ ಹೇಳಿದ ವಯಸ್ಸು ನಿಜವಲ್ಲ.

ಬಿಳಿ ಕೋಳಿಯಲ್ಲಿ ಗೊಂದಲ ಕಡಿಮೆ. ಬಿಳಿ ಲೆಗಾರ್ನ್ ಮೂಲತಃ ಇಟಲಿಯ ತಳಿ, ಮೈ ಸಣ್ಣದು, ಸದಾ ಎಚ್ಚರದ ಸ್ವಭಾವ. ಜುಟ್ಟು ಒಂಟಿ, ಗರಗಸದ ಹಲ್ಲಿನಂತೆ. ಮೊಟ್ಟೆಗೆ ಬಂದಾಗ ಅದು ದೊಡ್ಡದಾಗಿ ಒಂದು ಬದಿಗೆ ವಾಲುತ್ತದೆ. ಕಾಲು ಹಳದಿ, ಕಿವಿಯ ಕೆಳಗಿನ ಹಾಲೆ ಬಿಳಿ. ಮಾಂಸದ ಬ್ರಾಯ್ಲರ್ ಕೋಳಿಯೂ ಬಿಳಿಯೇ, ಆದರೆ ಆರು ವಾರಕ್ಕೆ ಎರಡು ಕಿಲೋ ಸುಮಾರು ತೂಗುವ ದಪ್ಪ ಕಾಲಿನ ಆ ಪ್ರಾಣಿಯನ್ನೂ ತೆಳ್ಳಗಿನ ಲೆಗಾರ್ನನ್ನೂ ಒಮ್ಮೆ ಪಕ್ಕಪಕ್ಕದಲ್ಲಿ ನೋಡಿದವರು ಮತ್ತೆ ತಪ್ಪುವುದಿಲ್ಲ.

ಆ ಕಿವಿಯ ಹಾಲೆ ಉಪಯುಕ್ತ ಗುರುತು. ಬಿಳಿ ಹಾಲೆಯ ಲೆಗಾರ್ನ್ ಬಿಳಿ ಮೊಟ್ಟೆ ಇಡುತ್ತದೆ. ಕೆಂಪು ಹಾಲೆಯ ರೋಡ್ ಐಲ್ಯಾಂಡ್ ರೆಡ್ ಕಂದು ಮೊಟ್ಟೆ ಇಡುತ್ತದೆ. ಎಲ್ಲ ತಳಿಗೂ ಈ ನಿಯಮ ಅನ್ವಯಿಸದಿದ್ದರೂ ನಮ್ಮ ಸಂತೆಗೆ ಬರುವ ಕೋಳಿಗಳ ಮಟ್ಟಿಗೆ ಒಳ್ಳೆಯ ಸೂಚನೆ. ರೋಡ್ ಐಲ್ಯಾಂಡ್ ರೆಡ್‌ನ ಗರಿ ಒಣಗಿದ ಮೆಣಸಿನಕಾಯಿಯಂತೆ ಗಾಢ ಕೆಂಪು, ಬಾಲ ಕಪ್ಪು. ಫಾರ್ಮಿನ ಕಂದು ಮೊಟ್ಟೆಯ ಸಂಕರ ಕೋಳಿ ಅದಕ್ಕಿಂತ ತಿಳಿಗೆಂಪು, ನಡುವೆ ಬಿಳಿ ಗರಿ ಕಾಣುವುದುಂಟು.

ಕಡಕನಾಥ್ ಹೆಸರಿನಲ್ಲಿ

ಈಚಿನ ವರ್ಷಗಳಲ್ಲಿ ಕಪ್ಪು ಕೋಳಿಯೆಲ್ಲ ಕಡಕನಾಥ್ ಆಗಿದೆ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಈ ತಳಿಗೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತ ನಂತರ ಬೆಲೆಯೂ ಏರಿತು, ನಕಲಿಯೂ ಹೆಚ್ಚಿತು. ಕಪ್ಪು ಗರಿ, ಕಪ್ಪು ಕಾಲು ಎರಡೂ ಆಸ್ಟ್ರಲಾರ್ಪ್ ತಳಿಯಲ್ಲಿಯೂ ಇವೆ. ಆದರೆ ಆಸ್ಟ್ರಲಾರ್ಪ್‌ನ ಮುಖ, ಜುಟ್ಟು ಕೆಂಪು. ಕಡಕನಾಥ್‌ನ ಜುಟ್ಟು, ಚರ್ಮ, ಬಾಯಿಯ ಒಳಗು, ನಾಲಿಗೆ ಎಲ್ಲವೂ ಕಪ್ಪು ಛಾಯೆಯವು. ಕೊಳ್ಳುವ ಮೊದಲು ಕೊಕ್ಕು ಬಿಡಿಸಿ ನಾಲಿಗೆ ನೋಡಿರಿ, ಎದೆಯ ಗರಿ ಸರಿಸಿ ಚರ್ಮ ನೋಡಿರಿ. ಕಪ್ಪು ಮೊಟ್ಟೆ ಇಡುತ್ತದೆ ಎಂದು ಹೇಳುವವನಿಂದ ಏನನ್ನೂ ಕೊಳ್ಳಬೇಡಿರಿ. ಅದರ ಮೊಟ್ಟೆ ತಿಳಿಗಂದು. ವರ್ಷಕ್ಕೆ ನೂರು ಮೊಟ್ಟೆಯ ಒಳಗೇ ನಿಲ್ಲುವ ಈ ಕೋಳಿಯನ್ನು ಮೊಟ್ಟೆಗಾಗಿ ಸಾಕುವುದು ನನ್ನ ದೃಷ್ಟಿಯಲ್ಲಿ ಲಾಭದ ಮಾತಲ್ಲ.

ಹುಂಜವೋ, ಹ್ಯಾಟೆಯೋ, ಮುದುಕಿಯೋ?

ತಳಿಗಿಂತ ಹೆಚ್ಚು ನಷ್ಟ ತರುವ ಮೋಸಗಳು ಬೇರೆ ಎರಡಿವೆ. ಮೊದಲನೆಯದು ಹುಂಜದ ಮರಿ. ಮೊಟ್ಟೆ ತಳಿಯ ಗಂಡುಮರಿಗಳು ಮರಿಕೇಂದ್ರಗಳಿಗೆ ಬೇಡದವು. ಅವೇ ಗುಲಾಬಿ, ಹಸಿರು ಬಣ್ಣ ಬಳಿದುಕೊಂಡು ಊರೂರಿಗೆ ಬರುತ್ತವೆ. ಬಣ್ಣ ಕೆಲವು ವಾರಗಳಲ್ಲಿ ಹೋಗುತ್ತದೆ, ಮೊಟ್ಟೆ ಮಾತ್ರ ಎಂದಿಗೂ ಬರುವುದಿಲ್ಲ. ಕಂದು ಮೊಟ್ಟೆಯ ಹಲವು ಸಂಕರಗಳಲ್ಲಿ ಒಂದು ದಿನದ ಮರಿಯಲ್ಲಿಯೇ ಭೇದ ತಿಳಿಯುತ್ತದೆ: ಹೆಣ್ಣು ಕಂದು, ಗಂಡು ತಿಳಿಹಳದಿ. ಉಳಿದವುಗಳಲ್ಲಿ ಎರಡು ತಿಂಗಳು ಆಗುವಷ್ಟರಲ್ಲಿ ಗಂಡಿನ ಜುಟ್ಟು ಕೆಂಪೇರಿ ದಪ್ಪವಾಗುತ್ತದೆ, ಹ್ಯಾಟೆಯದು ಸಣ್ಣದಾಗಿ ನಸುಬಣ್ಣದ್ದಾಗಿಯೇ ಇರುತ್ತದೆ. ಮೂರು ತಿಂಗಳ ಹೊತ್ತಿಗೆ ಬಾಲದ ಬುಡದಲ್ಲಿ, ಬೆನ್ನಿನ ಮೇಲೆ ಬರುವ ಗರಿಗಳನ್ನು ನೋಡಿರಿ. ತುದಿ ಚೂಪಾಗಿ ಉದ್ದವಾಗಿ ಹೊಳೆಯುತ್ತಿದ್ದರೆ ಹುಂಜ, ತುದಿ ದುಂಡಗಿದ್ದರೆ ಹ್ಯಾಟೆ. ಇದು ಬಹುತೇಕ ತಪ್ಪದ ಗುರುತು.

ಎರಡನೆಯ ಮೋಸ ಇನ್ನೂ ಜಾಣತನದ್ದು. ಫಾರ್ಮುಗಳಲ್ಲಿ ಒಂದೂವರೆ ವರ್ಷದಷ್ಟು ವಯಸ್ಸಾಗಿ ಮೊಟ್ಟೆ ಇಳಿದ ಕೋಳಿಗಳನ್ನು ತೆಗೆದುಹಾಕುತ್ತಾರೆ. ಅವುಗಳನ್ನೇ "ಇನ್ನೇನು ಮೊಟ್ಟೆ ಇಡತಾವು" ಎಂದು ಮಾರುವವರಿದ್ದಾರೆ. ಇಲ್ಲಿ ಕಾಲಿನ ಬಣ್ಣವೇ ಸಾಕ್ಷಿ. ಹಳದಿ ಕಾಲಿನ ತಳಿಗಳಲ್ಲಿ ಮೊಟ್ಟೆ ಆರಂಭವಾದ ಮೇಲೆ ಮೈಯ ಹಳದಿ ಕ್ರಮವಾಗಿ ಇಳಿಯುತ್ತದೆ, ಏಕೆಂದರೆ ಆಹಾರದಿಂದ ಬರುವ ಆ ಬಣ್ಣ ಭಂಡಾರಕ್ಕೆ ಹೋಗುತ್ತದೆ. ಮೊದಲು ಗುದದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಒಂದು-ಒಂದೂವರೆ ತಿಂಗಳಲ್ಲಿ ಕೊಕ್ಕು, ಕೊನೆಗೆ ನಾಲ್ಕೈದು ತಿಂಗಳಲ್ಲಿ ಕಾಲು ಬಿಳಚುತ್ತವೆ. ಮೊಟ್ಟೆಯನ್ನೇ ಇಡದ ನಿಜವಾದ ಹ್ಯಾಟೆಯ ಕಾಲು ಅರಿಸಿನದಂತಿರಬೇಕು. ಬಿಳಚಿದ ಕಾಲು, ಮುರಿದ ಗರಿ, ಪಂಜರದಲ್ಲಿ ಸವೆಯದೆ ಉದ್ದ ಬೆಳೆದ ಉಗುರು ಕಂಡರೆ ಅದು ಮುದುಕಿ. ಕೊಕ್ಕಿನ ತುದಿ ಕತ್ತರಿಸಿರುವುದು ಮಾತ್ರ ವಯಸ್ಸಿನ ಗುರುತಲ್ಲ; ಫಾರ್ಮಿನಲ್ಲಿ ಎಳೆಯ ಕೋಳಿಗೂ ಹಾಗೆ ಮಾಡುತ್ತಾರೆ.

ಬೆರಳಿನ ಪರೀಕ್ಷೆಯೂ ಇದೆ. ಗುದದ್ವಾರದ ಎರಡು ಬದಿಗೆ ಇರುವ ಚೂಪು ಎಲುಬುಗಳ ನಡುವೆ ಒಂದು ಬೆರಳೂ ಸಲೀಸಾಗಿ ಹಿಡಿಸದಿದ್ದರೆ ಕೋಳಿ ಮೊಟ್ಟೆ ಇಡುತ್ತಿಲ್ಲ. ಎರಡು-ಮೂರು ಬೆರಳು ಹಿಡಿಸಿದರೆ ಇಡುತ್ತಿದೆ.

ಯಾವುದನ್ನು ಆರಿಸುವುದು?

ಐಹೊಳೆಯಂಥ ಊರಿಗೆ, ಹೊರಗೆ ಮೇಯುವ ಕೋಳಿಗೆ, ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುವ ಫಾರ್ಮ್ ತಳಿಯನ್ನು ನಾನು ಹೇಳಲಾರೆ. ಅಷ್ಟು ಮೊಟ್ಟೆ ಬರುವುದು ಸಮತೋಲ ಆಹಾರ ತೂಗಿ ಹಾಕಿದಾಗ. ಕಣದ ಕಾಳು ನಂಬಿದರೆ ಅಲ್ಲ. ಗಿರಿರಾಜ ಸುಮಾರು 140, 2005ರಲ್ಲಿ ಹೆಬ್ಬಾಳದಿಂದಲೇ ಬಂದ ಸ್ವರ್ಣಧಾರ ಸುಮಾರು 180 ಮೊಟ್ಟೆಯ ತಳಿಗಳು; ಜವಾರಿ ಕೋಳಿಯದು ಅರವತ್ತರ ಆಸುಪಾಸು. ಆದರೆ ಜವಾರಿಯೊಂದೆರಡು ಮನೆಯಲ್ಲಿ ಇರಲೇಬೇಕು, ಕಾವಿಗೆ ಕೂಡುವುದು ಅದೇ. ಗಿರಿರಾಜದ ಮೊಟ್ಟೆಯನ್ನು ಅದರ ಕೆಳಗಿಟ್ಟು ಮರಿ ಮಾಡಿಸಬಹುದಾದರೂ ಆ ಮರಿಗಳು ತಾಯಿಯ ಗುಣವನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಸಂಕರ ಜೋಳದ ಕಾಳನ್ನೇ ಮರುವರ್ಷ ಬಿತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರಿಗಳನ್ನು ಸಂತೆಗಿಂತ ಪಶುವೈದ್ಯ ಕಾಲೇಜಿನ ಕೋಳಿ ವಿಭಾಗದಿಂದ ಅಥವಾ ಪಶುಪಾಲನಾ ಇಲಾಖೆಯ ಮೂಲಕ ತರಿಸುವುದು ಮೇಲು. ನಾಲ್ಕಾರು ಮನೆಯವರು ಕೂಡಿ ಬೇಡಿಕೆ ಕೊಟ್ಟರೆ ಸಾಗಾಣಿಕೆ ಖರ್ಚು ಹಂಚಿಹೋಗುತ್ತದೆ. ಸಂತೆಯಲ್ಲಿಯೇ ಕೊಳ್ಳಬೇಕಾದರೆ ಕೊಕ್ಕರೆ ರೋಗದ ಲಸಿಕೆ ಆಗಿದೆಯೇ ಎಂದು ಕೇಳಿರಿ, ಖಚಿತ ಉತ್ತರ ಬರದಿದ್ದರೆ ಆಗಿಲ್ಲವೆಂದೇ ತಿಳಿದು ಪಶುವೈದ್ಯರನ್ನು ಕಾಣಿರಿ. ಹೊಸ ಕೋಳಿಗಳನ್ನು ಎರಡು ವಾರ ಹಳೆಯವುಗಳಿಂದ ದೂರ ಇಡಬೇಕು. ಕೊಂಡ ದಿನವೇ ಒಂದೊಂದರ ಕಾಲಿಗೂ ಬಣ್ಣದ ದಾರ ಸಡಿಲವಾಗಿ ಕಟ್ಟಿ, ಯಾವುದು ಎಂದು ಮೊದಲ ಮೊಟ್ಟೆ ಇಟ್ಟಿತೆಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಮಾಡಿರಿ. ಕಾಲು ದಪ್ಪವಾದಂತೆ ದಾರ ಬಿಗಿಯುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಕಟ್ಟಬೇಕು.