ಊರು ಬಿಟ್ಟು ಬಂದವರಿಗೆ ಬಾಡಿಗೆಯ ಮನೆ

ಶರಣರ ಕಾಲದ ಕಲ್ಯಾಣವು ಪರಸ್ಥಳಗಳಿಂದ ಬಂದವರಿಂದಲೇ ಬೆಳಗಿದ ಪಟ್ಟಣ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಸಿದ್ಧರಾಮರು ಸೊನ್ನಲಿಗೆಯವರು, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದಲೂ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ ಬಂದರೆಂದು ಸಂಪ್ರದಾಯವು ಹೇಳುತ್ತದೆ. ಅರಸೊತ್ತಿಗೆಯನ್ನು ತೊರೆದ ಮಾರಯ್ಯನವರು ಮಡದಿಯೊಡನೆ ಕಟ್ಟಿಗೆಯ ಹೊರೆ ಮಾರಿ ಜೀವಿಸಿದರು. ಕಲ್ಯಾಣವು ಅವರನ್ನು ತನ್ನವರೆಂದೇ ಕಂಡಿತು.

ಇಂದು ಕಲಬುರಗಿ, ಬೀದರ, ವಿಜಯಪುರ, ಬಾಗಲಕೋಟೆಗಳ ಎಷ್ಟೋ ಕುಟುಂಬಗಳು ನೌಕರಿ, ವ್ಯಾಪಾರ, ಮಕ್ಕಳ ವಿದ್ಯಾಭ್ಯಾಸಗಳ ನಿಮಿತ್ತ ಬೆಂಗಳೂರಿಗೆ ಬಂದು ನೆಲೆಸುತ್ತಿವೆ. ಓದಲು ಬಂದ ಹುಡುಗನಿಗೆ ಪ್ರಸಾದನಿಲಯಗಳಿವೆ. ಸಿದ್ಧಗಂಗೆ, ಸುತ್ತೂರು, ಬೆಳಗಾವಿಯ ನಾಗನೂರು ಮಠಗಳು ಈ ದಿಶೆಯಲ್ಲಿ ಮಾಡಿದ ಸೇವೆ ನಾಡಿಗೇ ಗೊತ್ತಿರುವಂಥದು. ಆದರೆ ವೃದ್ಧ ತಾಯಿ, ಮಡದಿ, ಇಬ್ಬರು ಮಕ್ಕಳು, ಹಾಸಿಗೆ ಹೊದಿಕೆ, ರೊಟ್ಟಿ ಬಡಿಯುವ ಪರಾತಗಳೊಂದಿಗೆ ಬಂದಿಳಿದ ಗೃಹಸ್ಥನಿಗೆ ಯಾವ ನಿಲಯವಿದೆ? ಅವನು ಬೀದಿ ಬೀದಿ ತಿರುಗಿ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕವನ್ನೇ ಹುಡುಕಬೇಕು.

ಫಲಕ ಕಂಡು ಬಾಗಿಲು ತಟ್ಟಿದವನಿಗೆ ಎದುರಾಗುವ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ‘ತಾವು ಯಾವ ಪೈಕಿ?’ ಎಂಬುದು. ಈ ಪ್ರಶ್ನೆಯನ್ನು ಕೇಳುವವರಲ್ಲಿ ನಮ್ಮ ಸಮಾಜದ ಮನೆಮಾಲೀಕರೂ ಇದ್ದಾರೆಂಬುದನ್ನು ಬಹಳ ನೋವಿನಿಂದ ಬರೆಯುತ್ತಿದ್ದೇವೆ. ಹಜಾರದ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ, ಹೊಸ್ತಿಲಲ್ಲಿ ಕುಲದ ವಿಚಾರಣೆ. ಕೆಲವರು ಲಿಂಗಾಯತನೆಂದು ತಿಳಿದ ಮೇಲೂ ಬಿಡದೆ ಒಳಪಂಗಡವನ್ನು ಕೆದಕುತ್ತಾರೆ. ಹರಳಯ್ಯ ಮಧುವರಸರ ಮನೆತನಗಳ ನಡುವಣ ಸಂಬಂಧಕ್ಕಾಗಿ ಕಲ್ಯಾಣವೇ ಅಲ್ಲೋಲಕಲ್ಲೋಲವಾದ ಕಥೆಯನ್ನು ಪ್ರತಿ ವರ್ಷ ಬಸವ ಜಯಂತಿಯಲ್ಲಿ ಕೇಳಿ ತಲೆದೂಗುವವರೇ ಇವರು.

‘ಮಾಂಸದಡುಗೆ ಬೇಡವೆಂಬ ಕಾರಣಕ್ಕೆ ಕೇಳುತ್ತೇವೆ’ ಎಂದು ಹಲವರು ಸಮಜಾಯಿಷಿ ಹೇಳುತ್ತಾರೆ. ತಮ್ಮ ಮನೆಯ ಅಡುಗೆಯ ಬಗೆಗೆ ನಿಯಮ ಹೇಳಬಾರದೆಂದು ನಾವು ವಾದಿಸುವುದಿಲ್ಲ. ಹಾಗಿದ್ದರೆ ಅದನ್ನೇ ನೇರವಾಗಿ ಹೇಳಲಿ. ನಡತೆಯ ಮಾತು ಬೇರೆ, ಹುಟ್ಟಿನ ಮಾತು ಬೇರೆ. ನಿಯಮಕ್ಕೆ ಒಪ್ಪಿದವನನ್ನು ಜಾತಿಯ ಕಾರಣಕ್ಕೆ ಹಿಂದಕ್ಕೆ ಕಳುಹಿಸಿದರೆ ಅಲ್ಲಿ ಅಡುಗೆಯೊಂದು ನೆವವಾಗಿತ್ತೆಂದೇ ಅರ್ಥ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕದಿಂದ ತನಗೆ ಅನುಕೂಲವಾಯಿತೆಂದು ಹಿಗ್ಗುವ ನಮ್ಮ ಬಾಡಿಗೆದಾರನೂ, ಅದೇ ಬೀದಿಯಲ್ಲಿ ಸಂಜೆಯವರೆಗೆ ತಿರುಗಿ ಬರಿಗೈಯಲ್ಲಿ ಹೋದ ಇನ್ನೊಂದು ಕುಟುಂಬದ ಮಕ್ಕಳ ಮುಖವನ್ನು ಒಮ್ಮೆ ನೆನೆಯಬೇಕು.

ಬಾಡಿಗೆಗೆ ಬರುವವರೂ ಸತ್ಯವನ್ನೇ ನುಡಿಯಬೇಕು. ನಾಲ್ವರೆಂದು ಹೇಳಿ ಏಳು ಜನ ಬಂದಿಳಿಯುವುದು, ಜಾತ್ರೆ ಮದುವೆಗಳ ನೆಪದಲ್ಲಿ ಊರಿನ ನೆಂಟರು ತಿಂಗಳುಗಟ್ಟಲೆ ಉಳಿಯುವುದು ಮನಸ್ತಾಪಕ್ಕೆ ದಾರಿ. ಅವ್ವ ಅಪ್ಪ ವರ್ಷಕ್ಕೆ ಇಂತಿಷ್ಟು ದಿನ ಬಂದಿರುತ್ತಾರೆಂದು ಮೊದಲೇ ಹೇಳಿದರೆ ಕೇಡೇನೂ ಇಲ್ಲ.

ಇನ್ನು ಹಣದ ವಿಚಾರ. ಊರಿನ ಕಡೆ ಅಲ್ಪಸ್ವಲ್ಪ ಡಿಪಾಜಿಟ್ ಇಟ್ಟು ಮನೆ ಹಿಡಿದ ರೂಢಿಯವರಿಗೆ ಬೆಂಗಳೂರಿನ ಮುಂಗಡ ಎದೆ ನಡುಗಿಸುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಇಲ್ಲಿ ಬಹುಕಾಲದ ವಾಡಿಕೆ. ಐದಾರು ತಿಂಗಳಿಗೆ ಒಪ್ಪುವವರೂ ಉಂಟು. ಬಾಡಿಗೆ 18,000 ರೂಪಾಯಿ ಎಂದಿಟ್ಟುಕೊಂಡರೆ ಮುಂಗಡವೇ 1,80,000. ಮೊದಲ ತಿಂಗಳ ಬಾಡಿಗೆ, ದಳ್ಳಾಳಿಗೆ ಒಂದು ತಿಂಗಳ ಬಾಡಿಗೆ ಸೇರಿ 2,16,000. ಲಾರಿಯ ಖರ್ಚು ಬೇರೆ. ಕೇಂದ್ರ ಸರಕಾರವು 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ಅದು ಮಾದರಿಯಷ್ಟೆ. ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಕಾನೂನು.

ನಮ್ಮ ರಾಜ್ಯದ 1999ರ ಬಾಡಿಗೆ ಕಾಯಿದೆಯು ತಮ್ಮನ್ನು ಕಾಯುತ್ತದೆಂದು ಅನೇಕರು ನಂಬಿದ್ದಾರೆ. ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಬೆಂಗಳೂರಿನ ಮನೆಗೆ ಆ ಕಾಯಿದೆ ಅನ್ವಯಿಸುವುದೇ ಇಲ್ಲ. ಅಷ್ಟು ಕಡಿಮೆ ಬಾಡಿಗೆಗೆ ಒಂದು ಸಂಸಾರಕ್ಕೆ ಈಗ ಎಲ್ಲಿ ಮನೆ ಸಿಕ್ಕೀತು? ಆದ್ದರಿಂದ ಬಹುಪಾಲು ಬಾಡಿಗೆದಾರರಿಗೆ ಇರುವ ಆಧಾರವೆಂದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ತಾವೇ ಸಹಿ ಮಾಡಿದ ಕರಾರುಪತ್ರ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಆ ಕಾಯಿದೆ ಕೊಡುವ ತೆರವಿನ ಸೂಚನೆಯ ಅವಧಿ ಕೇವಲ 15 ದಿನ. ಹದಿನೈದು ದಿನಗಳಲ್ಲಿ ಮಕ್ಕಳ ಶಾಲೆ ತಪ್ಪದಂತೆ ಇನ್ನೊಂದು ಮನೆ ಹುಡುಕುವುದು ಸಾಧ್ಯವೇ? ಎರಡು ಅಥವಾ ಮೂರು ತಿಂಗಳೆಂದು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು. ಎಲ್ಲರೂ ಹನ್ನೊಂದು ತಿಂಗಳಿಗೇ ಕರಾರು ಮಾಡುವುದರಲ್ಲಿ ಶಾಸ್ತ್ರವೇನೂ ಅಡಗಿಲ್ಲ. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾಗುತ್ತದೆ, ಅದನ್ನು ತಪ್ಪಿಸುವುದಕ್ಕಾಗಿ ಈ ಹನ್ನೊಂದು.

ಭೋಗ್ಯದ ಬಗೆಗೆ ಒಂದು ಎಚ್ಚರಿಕೆ ಹೇಳದೆ ಮುಂದುವರಿಯಲಾರೆವು. ಹತ್ತಿಪ್ಪತ್ತು ಲಕ್ಷ ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಇಡಿಯ ಹಣ ಹಿಂದಕ್ಕೆ ಎಂಬ ಈ ಪದ್ಧತಿ ಹೊಲ ಮಾರಿದ ದುಡ್ಡು ಕೈಯಲ್ಲಿರುವವರನ್ನು ಬಹುಬೇಗ ಸೆಳೆಯುತ್ತದೆ. ಮಾಲೀಕನು ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ಕಂತು ಕಟ್ಟದಿದ್ದರೆ, 2002ರ ಕಾಯಿದೆಯಂತೆ ಬ್ಯಾಂಕು ಸಾಲ ವಸೂಲಿಗೆ ದಾವೆ ಹೂಡದೆಯೇ ಅಡವಿನ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಒಳಗಿರುವ ಕುಟುಂಬವು ಮನೆಯನ್ನೂ ಹಣವನ್ನೂ ಕಳೆದುಕೊಂಡು ಮಾಲೀಕನನ್ನು ಹುಡುಕುತ್ತ ಅಲೆಯಬೇಕಾದೀತು. ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರ ತೆಗೆಸದೆ, ಮೂಲಪತ್ರಗಳು ಎಲ್ಲಿವೆಯೆಂದು ನೋಡದೆ, ವಕೀಲರೊಬ್ಬರಿಗೆ ತೋರಿಸದೆ, ‘ನಮ್ಮವರೇ ಆದ ಮಾಲೀಕರು’ ಎಂಬ ಒಂದೇ ವಿಶ್ವಾಸದಿಂದ ಹಣ ಎಣಿಸಬಾರದು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಒಂದು ವರ್ಷಕ್ಕೆ ಮೀರಿದ ಭೋಗ್ಯವಾದರೆ ನೋಂದಣಿ ಆಗಲೇಬೇಕು.

ಮನೆ ನೋಡಲು ಹೋದಾಗ ಗಂಡಸರು ಬಣ್ಣ, ಅಂಚುಕಲ್ಲುಗಳನ್ನು ನೋಡುತ್ತಾರೆ. ತಾಯಂದಿರು ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ತಾಯಂದಿರದೇ ಸರಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರದ ಹೊರವಲಯದ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯ್ದದ್ದನ್ನು ಎಲ್ಲರೂ ಕಂಡಿದ್ದಾರೆ. ಅದೇ ವರ್ಷದ ಅಕ್ಟೋಬರದಲ್ಲಿ ಕಾವೇರಿ ಐದನೆಯ ಹಂತವು ಉದ್ಘಾಟನೆಯಾಯಿತಾದರೂ, ತಾವು ಹಿಡಿಯುವ ಮನೆಗೆ ಸಂಪರ್ಕವಿದೆಯೇ, ವಾರಕ್ಕೆ ಎಷ್ಟು ದಿನ ನೀರು, ಟ್ಯಾಂಕರಿನ ಹಣ ಯಾರದು ಎಂಬುದನ್ನು ಮಾಲೀಕರಲ್ಲದೆ ನೆರೆಯವರಲ್ಲಿಯೂ ವಿಚಾರಿಸಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಬಾಡಿಗೆದಾರರಿಗೂ ಉಂಟು. ಹಿಂದೆ ಇದ್ದವರ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ತೆಗೆಸಿದ ಮೇಲೆಯೇ ತಮ್ಮದನ್ನು ಜೋಡಿಸಲು ಬರುತ್ತದೆ.

‘ಪೂಜೆಗೆ ಬೇರೆ ಕೋಣೆಯಿಲ್ಲ’ ಎಂದು ಹಳಹಳಿಸುವವರನ್ನು ಕಂಡಾಗ ನಮಗೆ ಸೋಜಿಗವಾಗುತ್ತದೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಒಂದು ಮಣೆಯಷ್ಟು ಜಾಗ, ಒಂದು ತಂಬಿಗೆ ನೀರು, ಅರ್ಧ ಗಳಿಗೆಯ ಮೌನ ಸಾಲದೆ? ವಾಸ್ತು ಸರಿಯಿಲ್ಲವೆಂದು ಬೆಳಕು ಗಾಳಿಯುಳ್ಳ ಮನೆಯನ್ನು ಬಿಟ್ಟು ಕತ್ತಲೆಯ ಮನೆ ಹಿಡಿಯುವವರಿಗೆ ಏನೆನ್ನೋಣ! ಅವ್ವನ ಮೊಣಕಾಲಿಗೆ ಮೂರನೆಯ ಮಹಡಿಯ ಮೆಟ್ಟಿಲು ಆದೀತೇ ಎಂಬುದೇ ದಿಕ್ಕಿಗಿಂತ ದೊಡ್ಡ ಪ್ರಶ್ನೆ. ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕು: ಭಿಕ್ಷೆಗೆ ಬಂದ ಜಂಗಮರನ್ನು ಕಾವಲುಗಾರರು ಗೇಟಿನಲ್ಲಿಯೇ ತಡೆಯುತ್ತಾರೆ. ಮೊದಲೇ ತಿಳಿಸಿಟ್ಟರೆ ಅವರೂ ಸೌಜನ್ಯದಿಂದಲೇ ಬಿಡುತ್ತಾರೆ.

ಮಕ್ಕಳಿರುವವರು ಮೇ ತಿಂಗಳೊಳಗೆ ಮನೆ ಬದಲಿಸಿ ವರ್ಗಾವಣೆ ಪತ್ರ ತಂದಿಟ್ಟುಕೊಂಡರೆ ಜೂನಿನ ಧಾವಂತವಿರದು. ಹೊಸ ಶಾಲೆಯಲ್ಲಿ ಮಗುವಿನ ‘ಹೌದ್ರಿ’, ‘ಇಲ್ರಿ’ಗಳನ್ನು ಕೇಳಿ ಸಹಪಾಠಿಗಳು ನಕ್ಕರೆ ತಂದೆತಾಯಿಗಳು ನಾಚಿಕೆಪಟ್ಟು ಮನೆಯ ಮಾತನ್ನು ಬದಲಿಸಬೇಕಾಗಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯ ಮಾತು ಅದು.

ಮನೆ ಬಿಡುವಾಗ ಬಣ್ಣ ಬಳಿಸಲೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಅದಕ್ಕೆ ಮೀರಿ ಏನನ್ನು ಮುರಿಯಬಹುದೆಂಬುದು ಕರಾರಿನಲ್ಲಿ ಇರಲಿ. ‘ಮುಂದಿನ ಬಾಡಿಗೆದಾರರು ಬರಲಿ, ಅವರ ಮುಂಗಡದಲ್ಲಿ ನಿಮ್ಮದನ್ನು ಕೊಡುತ್ತೇವೆ’ ಎನ್ನುವ ಮಾಲೀಕರು ನಮ್ಮಲ್ಲಿಯೂ ಹಲವರಿದ್ದಾರೆ. ಹೊರಡುವ ಕುಟುಂಬಕ್ಕೆ ಅದೇ ದಿನ ಇನ್ನೊಂದು ಮನೆಯ ಮಾಲೀಕರಿಗೆ ಆ ಹಣ ತಲುಪಿಸಬೇಕಾಗಿರುತ್ತದೆ. ಲಾರಿ ಬಾಗಿಲಲ್ಲಿ ನಿಂತಿರುತ್ತದೆ. ಬೀಗದ ಕೈ ಒಪ್ಪಿಸುವ ದಿನವೇ ಮುಂಗಡ ಕೈಸೇರತಕ್ಕದ್ದು ಎಂಬ ಒಂದು ಸಾಲನ್ನು ಮಾಲೀಕರೇ ಮುಂದಾಗಿ ಬರೆಸಲಿ.