ಬಿಳಿಯ ಹೂವಿನಲ್ಲಿ ಅಡಗಿದ ನೇರಳೆ

ಸ್ವೀಟ್ ಪೀ ಗಿಡವನ್ನು ನಾವು ಹೂವಿನ ಬಣ್ಣಕ್ಕಾಗಿಯೂ ಕಂಪಿಗಾಗಿಯೂ ಬೆಳೆಸುತ್ತೇವೆ. ಆದರೆ ಅನುವಂಶೀಯತೆಯ ನಿಯಮಗಳನ್ನು ಮನೆಯ ಕೈತೋಟದಲ್ಲಿಯೇ ಕಣ್ಣಾರೆ ಕಾಣಬಯಸುವ ವಿದ್ಯಾರ್ಥಿಗೂ ಇದು ಬಹು ಅನುಕೂಲವಾದ ಸಸ್ಯ.

ಇದರ ತವರು ಇಟಲಿಗೆ ಸೇರಿದ ಸಿಸಿಲಿ ದ್ವೀಪ. ಅಲ್ಲಿನ ಸಂನ್ಯಾಸಿ ಫ್ರಾನ್ಸೆಸ್ಕೊ ಕುಪಾನಿ 1699ರಲ್ಲಿ ಇದರ ಬೀಜಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಆ ಕಾಡುಗಿಡದ್ದು ನೇರಳೆ ಬಣ್ಣದ, ಕಂಪು ಸೂಸುವ ಸಣ್ಣ ಹೂ. ಇಂದಿನ ಬಿಳಿ, ಕೆಂಪು, ಗುಲಾಬಿ ತಳಿಗಳೆಲ್ಲ ಅದರ ಸಂತತಿಯೇ. ಹೂವಿನ ಗಾತ್ರವನ್ನು ಹೆಚ್ಚಿಸುವ ಭರದಲ್ಲಿ ಕೆಲವು ತಳಿಗಳ ಕಂಪು ಕುಂದಿತು. ಇದನ್ನು ಲಾಭದ ವ್ಯಾಪಾರವೆಂದು ನಾವು ಎಣಿಸಲಾರೆವು.

ಬೆಂಗಳೂರಿನಂತಹ ಹವೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳು ಬಿತ್ತನೆಗೆ ಸಕಾಲ. ಬೀಜದ ಸಿಪ್ಪೆ ಗಡುಸು. ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಉಬ್ಬದೆ ಉಳಿದವುಗಳಿಗೆ ಬೀಜದ ಕಣ್ಣಿನ ಎದುರು ಬದಿಯಲ್ಲಿ ಸಣ್ಣ ಗೀರು ಹಾಕಿ ಬಿತ್ತಬೇಕು. ಎಲೆಯ ತುದಿಯ ನುಲಿಬಳ್ಳಿಗಳು ಹಿಡಿದೇರಲು ಕಡ್ಡಿ ಅಥವಾ ಬಲೆಯ ಆಸರೆ ಬೇಕು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಸಾರಜನಕದ ಗೊಬ್ಬರವನ್ನು ಸುರಿಯುವುದು ವ್ಯರ್ಥ. ಎಲೆ ಹೆಚ್ಚೀತು, ಹೂ ಹೆಚ್ಚದು. ಕಾಯಿ ಕಟ್ಟಲು ಬಿಟ್ಟರೆ ಹೂ ಬಿಡುವುದು ನಿಲ್ಲುತ್ತದೆ. ಆದುದರಿಂದ ಬೀಜಕ್ಕಾಗಿ ಒಂದೆರಡು ಗಿಡಗಳನ್ನು ಮೀಸಲಿಟ್ಟು ಉಳಿದವುಗಳ ಹೂವನ್ನು ತಪ್ಪದೆ ಕೊಯ್ಯಬೇಕು. ಕಾಯಿ ಬಟಾಣಿಯನ್ನು ಹೋಲುತ್ತದೆ. ಆದರೆ ಬೀಜ ವಿಷ. ಇಲಿಗಳಿಗೆ ತಿನ್ನಿಸಿ ನೋಡಿದಾಗ ಅವುಗಳ ಎಲುಬುಗಳೇ ವಿಕಾರಗೊಂಡುವು. ಮಕ್ಕಳಿರುವ ಮನೆಯಲ್ಲಿ ಇದು ನೆನಪಿರಲಿ.

ಈ ಹೂವಿನ ಹತ್ತು ಕೇಸರಗಳೂ ಶಲಾಕಾಗ್ರವೂ ದೋಣಿಯಂತೆ ಕೂಡಿಕೊಂಡ ಎರಡು ದಳಗಳೊಳಗೆ ಅಡಗಿವೆ. ಮೊಗ್ಗು ಅರಳುವ ಮೊದಲೇ ಪರಾಗಕೋಶಗಳು ಒಡೆದು ಸ್ವಕೀಯ ಪರಾಗಸ್ಪರ್ಶವಾಗಿಬಿಡುತ್ತದೆ. ತಳಿಗಳು ಬೆರೆಯದೆ ಶುದ್ಧವಾಗಿ ಉಳಿಯುವುದು ಇದರಿಂದಲೇ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೇಟ್ಸನ್ ಮತ್ತು ಪನ್ನೆಟ್ ಎಂಬ ಕೇಂಬ್ರಿಜ್ಜಿನ ವಿಜ್ಞಾನಿಗಳು ಎರಡು ಬಿಳಿಯ ತಳಿಗಳನ್ನು ಸಂಕರಿಸಿದರು. ಹುಟ್ಟಿದ ಗಿಡಗಳು ಬಿಟ್ಟದ್ದು ನೇರಳೆ ಹೂ, ಸಿಸಿಲಿಯ ಪೂರ್ವಜನಂತೆ! ವರ್ಣದ್ರವ್ಯ ಸಿದ್ಧವಾಗಲು ಎರಡು ಜೀನುಗಳು ಬೇಕು. ಒಂದು ತಳಿಯಲ್ಲಿ ಮೊದಲನೆಯದು ಕೆಟ್ಟಿತ್ತು, ಇನ್ನೊಂದರಲ್ಲಿ ಎರಡನೆಯದು. ಸಂಕರದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ಮರುಪೀಳಿಗೆಯಲ್ಲಿ ಪ್ರತಿಯೊಂದು ಜೀನೂ ಸರಿಯಾಗಿ ದೊರೆಯುವ ಸಂಭವ ನಾಲ್ಕರಲ್ಲಿ ಮೂರು. ಎರಡೂ ದೊರೆಯುವುದು 16ರಲ್ಲಿ 9. ಉಳಿದ 7 ಪಾಲು ಮತ್ತೆ ಬಿಳಿ.

ಇದನ್ನು ನಾವೂ ಪರೀಕ್ಷಿಸಬಹುದು. ಎಳೆಯ ಮೊಗ್ಗನ್ನು ಮೆಲ್ಲನೆ ಬಿಡಿಸಿ ಹತ್ತು ಕೇಸರಗಳನ್ನೂ ಚಿಮುಟದಿಂದ ಕಿತ್ತು, ಮರುದಿನ ಬೇರೊಂದು ಬಿಳಿಯ ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರಿ, ಕಾಗದದ ಚೀಲ ಕಟ್ಟಬೇಕು. ಆ ಬೀಜದ ಹೂ ಬಿಳಿಯಾಗಿಯೇ ಬಂದರೆ ಎರಡೂ ತಳಿಗಳಲ್ಲಿ ಕೆಟ್ಟಿರುವುದು ಒಂದೇ ಜೀನು ಎಂದು ತಿಳಿಯಬಹುದು. ಆಗ ಮೂರನೆಯ ಬಿಳಿಯ ತಳಿಯೊಂದನ್ನು ಹುಡುಕಬೇಕು.